ಕ್ಯಾರೋ-ಕಾನ್ ಮತ್ತು ನಮ್ಮ ಸಯನ್ ಮನೆ

ಚೆಸ್ ಬೋರ್ಡಿನ ಮುಂದೆ ಕೂತರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಮುಂಬೈಯ ಕುರ್ಲಾ ಸ್ಟೇಷನ್ನಿನಲ್ಲಿ ಲೋಕಲ್ ರೈಲು ನಿಲ್ಲುವ ಮೊದಲೇ ಜನ ನುಗ್ಗುವ ಹಾಗೆ ನುಗ್ಗುತ್ತೇನೆ. ಧಾರವಾಡದ ಕಾಲೇಜಿನಲ್ಲಿ ಓದುವಾಗ ಇದಕ್ಕೆ ಚಪ್ಪಾಳೆಯೂ ಬೀಳುತ್ತಿತ್ತು.

ನಿವೃತ್ತನಾದ ಮೇಲೆ, ಸಯನ್ನಿನ ಸಣ್ಣ ಫ್ಲ್ಯಾಟ್ ಮಾರಿ ದೂರದ ಬದ್ಲಾಪುರದಲ್ಲಿ ದೊಡ್ಡದು ಕೊಳ್ಳುವ ಹುಚ್ಚು ಹಿಡಿಯಿತು. ಹೆಂಡತಿ ಸುಮಿತ್ರಾ ಒಲ್ಲೆ ಅಂದಳು. ವಾದ ಮಾಡಿ ಮಾಡಿ ಇಬ್ಬರೂ ದಣಿದಾಗ ಅವಳೇ ದಾರಿ ಹೇಳಿದಳು: “ಭಾನುವಾರ ಒಂದು ಆಟ ಆಡೂಣ್ರಿ. ನೀವು ಗೆದ್ರ ಹೋಗೂಣು. ಗೆಲ್ಲಲಿಲ್ಲಂದ್ರ ಈ ಮಾತು ಮತ್ತ ಎತ್ತಬ್ಯಾಡ್ರಿ.”

ಅವಳಿಗೆ ಕಾಯಿ ನಡೆಸಲು ಬರುತ್ತಿತ್ತು, ಅಷ್ಟೇ. ಕೂಡಲೇ ಒಪ್ಪಿ, ಬಿಳಿ ಕಾಯಿಯನ್ನೂ ನಾನೇ ಇಟ್ಟುಕೊಂಡೆ. ಆ ವಾರವೆಲ್ಲ ಮಗಳು ಅನಘಾ ಅಮ್ಮನಿಗೆ ಮೊಬೈಲಿನಲ್ಲಿ ಏನೋ ಹೇಳಿಕೊಡುತ್ತಿದ್ದಳು. ನಾನು ಬದ್ಲಾಪುರದ ಬಾಲ್ಕನಿಗೆ ತೂಗುಮಂಚ ಹುಡುಕುತ್ತಿದ್ದೆ.

ಭಾನುವಾರ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಓಡಿಸಿದೆ. ಅವಳು ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿದಳು. ನನಗೆ ನಗು ಬಂತು. ಮರುನಡೆಗೆ ಮಂತ್ರಿಯ ಕಾಲಾಳನ್ನು ಬೋರ್ಡಿನ ನಡುವಿಗೆ ತಂದಳು. ಅದನ್ನು ಹೊಡೆದರೆ ತಿರುಗಿ ಹೊಡೆಯಲು ಮೊದಲಿನದು ಕಾದು ನಿಂತಿತ್ತು. ನಗು ನಿಂತಿತು.

“ಇದು ಕ್ಯಾರೋ-ಕಾನ್ ಡಿಫೆನ್ಸ್, ಪಪ್ಪಾ,” ಅಂದಳು ಅನಘಾ. “ಮೊದ್ಲು ಪಾಯ, ಆಮೇಲೆ ಸೆಂಟರ್. ಒಂಟೆ ಬಾಹರ್ ಬಂದ್ಮೇಲೇ ಬಾಗ್ಲು ಬಂದ್.”

ಬಾಗಿಲೆಂದರೆ ಅವಳ ರಾಜನ ಮುಂದಿನ ಕಾಲಾಳು. ಅದನ್ನು ಮೊದಲೇ ಸರಿಸಿದರೆ ಒಂಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಸುಮಿತ್ರಾ ಆ ತಪ್ಪು ಮಾಡಲಿಲ್ಲ. ನುಗ್ಗಲು ನನಗೊಂದು ಸಂದಿ ಸಿಗಲಿಲ್ಲ. ಕಾಯಿಗಳೆಲ್ಲ ಹೊಡೆದಾಡಿ ಖಾಲಿಯಾಗಿ, ಕಡೆಗೆ ಇಬ್ಬರು ರಾಜರಷ್ಟೇ ಉಳಿದರು.

“ಡ್ರಾ ಆತು. ಇನ್ನೊಂದು ಆಡೂಣು,” ಅಂದೆ.

“ನೀವು ಗೆದ್ರ ಅಂದಿದ್ದೆ. ಗೆದ್ದೀರೇನು?”

ನಾನು ಗೆಲ್ಲಲು ಆಡಿದ್ದೆ, ಅವಳು ಸೋಲದಿರಲು. ಆ ಕಪ್ಪು ಕಾಯಿಗಳಿಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಮರುದಿನ ಏಜೆಂಟನಿಗೆ ಬೇಡವೆಂದು ಫೋನ್ ಮಾಡಿ ಅಡಿಗೆಮನೆಗೆ ಹೋದೆ. “ನಿನಗ ಈ ಮನಿ ಯಾಕ ಇಷ್ಟು ಬೇಕು?”

ಅವಳು ಮೆಂತ್ಯ ಸೊಪ್ಪು ಸೋಸುತ್ತಲೇ ಹೇಳಿದಳು: “ಇಲ್ಲೇ ಬಾಜೂಕಿನ ಮಾಟುಂಗಕ್ಕ ನಾ ಒಬ್ಬಾಕೀನ ನಡಕೋತ ಹೋಗ್ತೀನ್ರಿ. ಹೂವು ತರ್ತೀನಿ, ಗೆಳತ್ಯಾರ ಜೋಡಿ ಕಾಫಿ ಕುಡೀತೀನಿ. ಬದ್ಲಾಪುರದಾಗ ಎಲ್ಲಿಗೆ ಹೋಗಬೇಕಂದ್ರೂ ನಿಮ್ಮ ಮಾರಿ ನೋಡಬೇಕು.”

ಇಷ್ಟು ವಾದಿಸಿದವನು ಈ ಪ್ರಶ್ನೆಯನ್ನೇ ಕೇಳಿರಲಿಲ್ಲ. ಈಗ ದಿನಾ ಸಂಜೆ ಆಡುತ್ತೇವೆ. ಎದುರು ಕೂತವಳಿಗೆ ಏನು ಬೇಕಾಗಿದೆಯೆಂದು ಒಂದು ಕ್ಷಣ ಯೋಚಿಸಿಯೇ ಕಾಯಿ ಮುಟ್ಟುತ್ತೇನೆ. ಇದರಿಂದ ನನ್ನ ಆಟವೇನೂ ಸುಧಾರಿಸಿಲ್ಲ. ಮನೆಯಲ್ಲಿ ಮಾತ್ರ ಜಗಳ ಕಡಿಮೆಯಾಗಿದೆ.