ಗಂಟೆ ಎಣಿಸುವ ಅಕ್ಕ

ಬೆಳಗಿನ ಐದೂಮುಕ್ಕಾಲು. ವೃದ್ಧಾಶ್ರಮದ ಹಿಂಬದಿಯ ಬಚ್ಚಲಲ್ಲಿ ಐವತ್ತೆಂಟರ ಹೆಂಗಸೊಬ್ಬರು ನಲ್ಲಿ ತಿರುಗಿಸಿ ನೋಡುತ್ತಿದ್ದಾರೆ. ನಲ್ಲಿ ಎರಡು ಸಲ ಕೆಮ್ಮಿ, ಒಂದಿಷ್ಟು ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗುತ್ತದೆ. ಅವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲದ ಉದ್ದಗಲಕ್ಕೂ ನಡೆಯುತ್ತಾರೆ. ಮೂಲೆಯಲ್ಲಿ ಕಾಲು ಜಾರುತ್ತದೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಪುಡಿ ಹಾಕಿ, ಪಾಚಿ ಹೋಗುವವರೆಗೂ ಬ್ರಷ್‌ನಿಂದ ತಿಕ್ಕುತ್ತಾರೆ.

“ಎಂಟು ಗಂಟೆಗೆ ಮಕ್ಕಳು ಬರ್ತಾರೆ. ಅಜ್ಜಂದಿರಿಗೆ ಸ್ನಾನ ಮಾಡಿಸ್ಬೇಕು. ಇವರು ಬಿದ್ರೂ ಕಷ್ಟ, ಅವರು ಬಿದ್ರೂ ಕಷ್ಟ. ನಾನೇ ಮೊದಲು ಜಾರಿ ನೋಡ್ಬಿಟ್ರೆ ಎಲ್ಲರಿಗೂ ನಿಶ್ಚಿಂತೆ,” ಎಂದು ನಗುತ್ತಾರೆ. ನಗುತ್ತಲೇ ಚೀಲ ಬಿಚ್ಚಿ ಕೈಗವಸು ಎಣಿಸುತ್ತಾರೆ. ಹದಿನಾಲ್ಕು ವಿದ್ಯಾರ್ಥಿಗಳು, ಹದಿನಾರು ಜೊತೆ. “ಒಂದು ಹರಿಯುತ್ತೆ, ಒಬ್ಬರು ಮರೆತು ಜೇಬಲ್ಲಿ ಇಟ್ಕೊಂಡು ಹೋಗ್ತಾರೆ. ಹನ್ನೊಂದು ವರ್ಷದಿಂದ ಇದು ತಪ್ಪಿಲ್ಲ.”

ವಿಶ್ವವಿದ್ಯಾಲಯದಲ್ಲಿ ಇವರನ್ನು ಎಲ್ಲರೂ ‘ಗಂಟೆ ಅಕ್ಕ’ ಎಂದೇ ಕರೆಯುತ್ತಾರೆ. ಹೊಸಬರು ಪೀರಿಯಡ್ ಮುಗಿದಾಗ ಗಂಟೆ ಹೊಡೆಯುವವರು ಇವರೇ ಎಂದುಕೊಳ್ಳುವುದುಂಟು. ಇವರು ಎಣಿಸುವ ಗಂಟೆ ಬೇರೆ. ಅಲ್ಲಿ ಪದವಿ ಪಡೆಯುವ ಪ್ರತಿಯೊಬ್ಬರೂ ನಲವತ್ತು ಗಂಟೆ ಸಮುದಾಯ ಸೇವೆ ಮಾಡಲೇಬೇಕು. ಈ ವರ್ಷ ಆರುನೂರ ನಲವತ್ತು ವಿದ್ಯಾರ್ಥಿಗಳಿದ್ದಾರೆ. ಆಸ್ಪತ್ರೆ, ಶಾಲೆ, ಆಶ್ರಮ, ಗ್ರಂಥಾಲಯ ಸೇರಿ ಇಪ್ಪತ್ತಮೂರು ಜಾಗಗಳಿವೆ. ಯಾರು ಎಲ್ಲಿಗೆ, ಯಾವಾಗ ಹೋಗಬೇಕು, ನಿಜಕ್ಕೂ ಹೋದರೇ ಎಂಬುದೆಲ್ಲ ಇವರ ತಲೆಯಲ್ಲಿದೆ. ಕಾಗದದ ಮೇಲೆ ಈ ಕೆಲಸ ಒಬ್ಬ ಪ್ರಾಧ್ಯಾಪಕರದು. ಪ್ರಾಧ್ಯಾಪಕರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಅಕ್ಕ ಬದಲಾಗುವುದಿಲ್ಲ. ಅವರ ಹುದ್ದೆಯ ಹೆಸರು ಇವತ್ತಿಗೂ ಅಟೆಂಡರ್.

ಏಳನೇ ತರಗತಿಗೆ ಓದು ಬಿಟ್ಟವರು, ಇಪ್ಪತ್ತಾರನೇ ವಯಸ್ಸಿಗೆ ಕಸ ಗುಡಿಸುವ ಕೆಲಸಕ್ಕೆ ಇಲ್ಲಿ ಸೇರಿದರು. ಗಂಡ ಬೀಗ ರಿಪೇರಿ ಮಾಡುತ್ತಾರೆ. ಎರಡು ಕೋಣೆಯ ಮನೆ. ಒಂದರಲ್ಲಿ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ ತಾಯಿ. ಒಂದು ದಿನ ಸೇವೆಯ ಹೆಸರಿನಲ್ಲಿ ವಿದ್ಯಾರ್ಥಿಗಳ ತಂಡ ಅವರ ಬೀದಿಗೇ ಬಂತು. ಒಬ್ಬ ಹುಡುಗಿ ತಾಯಿಯ ತಲೆ ಬಾಚಿ ಜಡೆ ಹಾಕಿದಳು. “ಅಜ್ಜಿ, ಮುಂದಿನ ಶನಿವಾರ ಬರ್ತೀನಿ” ಎಂದು ಹೇಳಿ ಹೋದಳು.

“ಆ ಶನಿವಾರ ನಾನು ಬಾಚಣಿಗೆ ತಗೊಂಡ್ರೆ ಅಮ್ಮ ಕೈ ತಳ್ಳಿಬಿಟ್ಳು. ‘ನೀನು ಬಾಚಬೇಡ, ಆ ಹುಡುಗಿ ಬರ್ತಾಳೆ’ ಅಂತ. ಬರಲಿಲ್ಲ. ಮುಂದಿನ ಶನಿವಾರನೂ ಅದೇ ಮಾತು. ಹೀಗೆ ಏಳು ಶನಿವಾರ ಕೆದರಿದ ತಲೆಯಲ್ಲೇ ಬಾಗಿಲು ನೋಡ್ತಾ ಮಲಗಿದ್ಳು. ಎಂಟನೇ ವಾರ ಅವಳೇ, ‘ಬಾಚೇ’ ಅಂದ್ಳು. ಆಮೇಲೆ ಆ ಮಾತು ಎತ್ತಲೇ ಇಲ್ಲ.”

ಹುಡುಗಿಯ ಮೇಲೆ ಅಕ್ಕನಿಗೆ ಕೋಪವಿತ್ತು. ಆದರೆ ಸೇವಾ ವಿಭಾಗದ ಕಚೇರಿ ಗುಡಿಸುವಾಗ ಮೇಜಿನ ಮೇಲಿದ್ದ ಹಾಳೆ ಕಣ್ಣಿಗೆ ಬಿತ್ತು. ತಮ್ಮ ಬೀದಿಯ ಹೆಸರಿನ ಮುಂದೆ ‘ಪೂರ್ಣಗೊಂಡಿದೆ’ ಎಂದು ಬರೆದಿತ್ತು. ತಂಡವನ್ನು ಮರುವಾರವೇ ಬೇರೆ ಕಡೆಗೆ ಕಳಿಸಿದ್ದರು. “ಪಾಪ, ಮತ್ತೆ ಅಲ್ಲಿಗೇ ಹೋಗ್ತೀನಿ ಅಂತ ಆ ಹುಡುಗಿ ಕೇಳಿದ್ಳೋ ಏನೋ. ಅವಳ ಕೈಲಿ ಏನಿತ್ತು? ಅಮ್ಮನಿಗೆ ಒಂದು ಮಾತು ಹೇಳೋರು ಯಾರೂ ಇರಲಿಲ್ಲ ಅಷ್ಟೇ.” ಅವತ್ತೇ ಅಕ್ಕ ಪೊರಕೆ ಬಾಗಿಲಿಗೆ ಒರಗಿಸಿ, ಅಲ್ಲಿದ್ದ ಪ್ರಾಧ್ಯಾಪಕರನ್ನು ಕೇಳಿದರು: “ಸಾರ್, ಮಕ್ಕಳು ಬರಲ್ಲ ಅನ್ನೋದನ್ನ ಹೋಗಿ ಹೇಳೋ ಕೆಲಸ ನಾನು ಮಾಡ್ಲಾ?”

ಅಲ್ಲಿಂದ ಶುರು. ಬರುವುದಿಲ್ಲ ಎಂದು ಹೇಳಲು ಹೋದವರು, ನಿಮಗೇನು ಬೇಕು ಎಂದು ಕೇಳಿಕೊಂಡು ಬರಲಾರಂಭಿಸಿದರು. ಒಂದು ಶಾಲೆಯ ಗೋಡೆಗೆ ಆರು ವರ್ಷ ಆರು ತಂಡಗಳು ಬಣ್ಣ ಬಳಿದಿದ್ದವು. ಮೊದಲು ಚಿಟ್ಟೆ, ಅದರ ಮೇಲೆ ಕಾಮನಬಿಲ್ಲು, ಅದರ ಮೇಲೆ ಭೂಗೋಳ. ಅಕ್ಕ ಹೋಗಿ ವಿಚಾರಿಸಿದಾಗ ಅಲ್ಲಿನ ಆಯಾ ಕೈ ಮುಗಿದು, “ಗೋಡೆ ಸಾಕು ತಾಯಿ, ಇನ್ನೂ ಬಳಿದ್ರೆ ಕೋಣೆನೇ ಚಿಕ್ಕದಾಗುತ್ತೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಇಲ್ಲ, ಅದನ್ನ ಹಾಕಿಸಿ” ಎಂದರಂತೆ. ಆ ವರ್ಷದ ತಂಡ ಐದು ಬಾಗಿಲಿಗೆ ಚಿಲಕ ಜಡಿಯಿತು. ಸ್ಕ್ರೂ ತಿರುಗಿಸುವುದು ಹೇಗೆಂದು ಕಲಿಸಿದ್ದು ಅಕ್ಕನ ಗಂಡ. “ಎಂಜಿನಿಯರಿಂಗ್ ಮಕ್ಕಳಿಗೆ ನಾನು ಪಾಠ ಮಾಡಿದೀನಿ ಗೊತ್ತಾ?” ಎಂದು ಅವರು ಈಗಲೂ ಮೀಸೆ ತಿರುವುತ್ತಾರೆ. “ಒಂದೇ ದಿನಕ್ಕೆ ಪ್ರೊಫೆಸರ್ ಆದ್ರು, ಇನ್ನೂ ರಿಟೈರ್ ಆಗಿಲ್ಲ,” ಎನ್ನುತ್ತಾರೆ ಅಕ್ಕ.

ಎಲ್ಲವೂ ಇಷ್ಟು ಸಲೀಸಾಗಿ ನಡೆದಿಲ್ಲ. ನಾಲ್ಕು ವರ್ಷದ ಹಿಂದೆ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಇದೇ ವೃದ್ಧಾಶ್ರಮದಲ್ಲಿ, ಕಣ್ಣು ಮಂಜಾದ ಒಬ್ಬ ನಿವೃತ್ತ ರೈಲ್ವೆ ಗಾರ್ಡ್‌ಗೆ ಕಾದಂಬರಿ ಓದಿ ಹೇಳುತ್ತಿದ್ದಳು. ಇಪ್ಪತ್ತೊಂಬತ್ತು ಗಂಟೆ ಮುಗಿಸಿ ಬರುವುದು ನಿಲ್ಲಿಸಿದಳು. ಘಟಿಕೋತ್ಸವಕ್ಕೆ ಒಂಬತ್ತು ದಿನವಿದ್ದಾಗ ಅವಳ ತಂದೆ ಕಚೇರಿಗೆ ಬಂದರು. ಆಡಳಿತ ಮಂಡಳಿಯಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ನಲವತ್ತು ಗಂಟೆ ತುಂಬಿದೆ ಎಂದು ಹಾಕುವ ಸೀಲ್ ಇದ್ದದ್ದು ಅಕ್ಕನ ಮೇಜಿನಲ್ಲಿ.

“ಒಂದು ಸೀಲ್ ತಾನೇಮ್ಮಾ?” ಎಂದರು.

“ಸೀಲ್ ಒಂದೇ ಸಾರ್, ಗಂಟೆ ಹನ್ನೊಂದು ಬಾಕಿ ಇದೆ. ಮಗಳನ್ನ ನಾಳೆಯಿಂದ ಕಳಿಸಿ, ನಾನೂ ಜೊತೆಗೆ ಕೂತಿರ್ತೀನಿ. ಮುಗಿದುಹೋಗುತ್ತೆ,” ಎಂದರು ಅಕ್ಕ.

ಮಗಳು ಬರಲಿಲ್ಲ, ಆದೇಶ ಬಂತು. ಅಕ್ಕನನ್ನು ಹಳೆಯ ಉತ್ತರಪತ್ರಿಕೆಗಳ ಉಗ್ರಾಣಕ್ಕೆ ಹಾಕಿದರು. ಸೀಲ್ ಬೇರೊಬ್ಬರ ಕೈಯಿಂದ ಬಿತ್ತು, ಹುಡುಗಿಗೆ ಪದವಿ ಸಿಕ್ಕಿತು. ಕಿಟಕಿಯಿಲ್ಲದ ಕೋಣೆಯಲ್ಲಿ ಕಟ್ಟು ಬಿಚ್ಚಿ ಕಟ್ಟು ಕಟ್ಟುತ್ತಾ ಅಕ್ಕ ಐದು ತಿಂಗಳು ಕಳೆದರು. “ಧೂಳಿಗೆ ಕೆಮ್ಮು ಬಂತು. ಮನೆಗೆ ಬಂದು ಅತ್ತಿದೀನಿ, ಸುಳ್ಳು ಯಾಕೆ ಹೇಳ್ಲಿ? ಆ ಸೀಲ್ ಹಾಕ್ಬಿಡಬೇಕಿತ್ತೇನೋ ಅಂತಾನೂ ಅನ್ನಿಸ್ತು.”

ಆದರೆ ಆ ಐದು ತಿಂಗಳಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನು ನನಗೆ ಹೇಳಿದ್ದು ಆಶ್ರಮದ ಮೇಲ್ವಿಚಾರಕಿ. ಪ್ರತಿ ಭಾನುವಾರ ಅಕ್ಕ ಇಲ್ಲಿಗೆ ಬಂದು ಗಾರ್ಡ್ ಅಜ್ಜನ ಪಕ್ಕ ಕೂತು, ಅರ್ಧಕ್ಕೆ ನಿಂತ ಕಾದಂಬರಿಯನ್ನು ತಾವೇ ಓದಿದರು. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದರು. “ಗಾಡಿ ಯಾಕೆ ಸ್ಟೇಷನ್ ಹೊರಗಡೆನೇ ನಿಂತಿತು?” ಎಂದು ಅಜ್ಜ ರೇಗಿಸುತ್ತಿದ್ದರು. “ಸಿಗ್ನಲ್ ಬಿದ್ದಿಲ್ಲ ಅಪ್ಪಾಜಿ, ತಾಳಿ,” ಎಂದು ಅಕ್ಕ ಮತ್ತೆ ಕೂಡಿಸಿ ಓದುತ್ತಿದ್ದರು. ಹುಡುಗಿ ಹನ್ನೊಂದು ಗಂಟೆಯಲ್ಲಿ ಮುಗಿಸಬಹುದಾಗಿದ್ದ ಪುಟಗಳಿಗೆ ಇವರಿಗೆ ಹದಿನೇಳು ಭಾನುವಾರ ಹಿಡಿಯಿತು. ಪುಸ್ತಕ ಮುಗಿದ ಮೂರನೇ ವಾರ ಅಜ್ಜ ತೀರಿಕೊಂಡರು.

ಅಷ್ಟರಲ್ಲಿ ಹೊರಗೆ ಗೊಂದಲ ಶುರುವಾಗಿತ್ತು. ಒಂದೇ ಆಸ್ಪತ್ರೆಗೆ ಒಂದೇ ದಿನ ತೊಂಬತ್ತು ಜನ ಹೋಗಿ ನಿಂತರು. ಇನ್ನೊಂದು ಕಡೆ ಕಾದು ಕೂತವರ ಬಳಿಗೆ ಯಾರೂ ಹೋಗಲಿಲ್ಲ. ಕೊನೆಗೆ ಹದಿನೆಂಟು ಜಾಗದವರು ಸೇರಿ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು: ಆ ಅಮ್ಮನನ್ನು ಕಳಿಸಿ, ಇಲ್ಲವೇ ಮಕ್ಕಳನ್ನು ಕಳಿಸಬೇಡಿ. ಮರುವಾರ ಅಕ್ಕ ತಮ್ಮ ಮೇಜಿಗೆ ಮರಳಿದರು. ಯಾರೂ ಕ್ಷಮೆ ಕೇಳಲಿಲ್ಲ. “ಕೇಳಿದ್ರೆ ನನಗೇ ಮುಜುಗರ ಆಗ್ತಿತ್ತು ಬಿಡಿ.”

ಎಂಟು ಹೊಡೆಯುವ ಹೊತ್ತಿಗೆ ವಿದ್ಯಾರ್ಥಿಗಳು ಗುಂಪಾಗಿ ಬರುತ್ತಾರೆ. ಒಬ್ಬ ಫೋನ್ ತೆಗೆದು ಅಜ್ಜನೊಬ್ಬರ ಕಡೆ ಹಿಡಿಯುತ್ತಾನೆ. ಅಕ್ಕ ಗದರುವುದಿಲ್ಲ. “ಮೊದಲು ಹೆಸರು ಕೇಳಪ್ಪ. ನಿನ್ನ ಹೆಸರೂ ಹೇಳು. ಆಮೇಲೆ ಫೋಟೋ ಬೇಕು ಅನ್ನಿಸಿದ್ರೆ ಅವರನ್ನೇ ಕೇಳು,” ಎನ್ನುತ್ತಾರೆ. ಫೋನ್ ಜೇಬು ಸೇರುತ್ತದೆ. ನಂತರ ಎಲ್ಲರಿಗೂ ಒಂದೇ ಸೂಚನೆ: “ಮತ್ತೆ ಬರ್ತೀನಿ ಅಂತ ಬಾಯಿಮಾತಿಗೆ ಯಾರೂ ಹೇಳಬೇಡಿ. ಬರೋದಾದ್ರೆ ದಿನ ಹೇಳಿ, ನಾನು ಬರ್ಕೋತೀನಿ.”

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಅಕ್ಕ ಒದ್ದೆ ಕೈ ಒರೆಸಿಕೊಂಡರು.

“ಘಟಿಕೋತ್ಸವದ ದಿನ ನಮ್ಮನ್ನ ಗೌನು ಹಂಚೋ ಕೋಣೆಗೆ ಹಾಕ್ತಾರೆ. ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಸಭಾಂಗಣದ ಒಳಗೆ ಕೂತಿಲ್ಲ. ಒಂದೇ ಒಂದು ಸಲ, ಕೊನೇ ಸಾಲಲ್ಲಿ ಕೂರಬೇಕು. ಅವರು ಒಬ್ಬೊಬ್ಬರನ್ನೇ ಕರೀತಾರಲ್ಲ, ಯಾರು ಚಿನ್ನದ ಪದಕ ತಗೊಂಡ್ರು, ಯಾರು ಎಷ್ಟು ಅಂಕ ತೆಗೆದ್ರು ಅಂತ? ನಾನು ಮನಸ್ಸಲ್ಲೇ ಹೇಳ್ಕೋಬೇಕು. ಇವಳು ಆಸ್ಪತ್ರೆಯಲ್ಲಿ ಬೆಡ್‌ಶೀಟ್ ಮಡಚಿದೋಳು, ಇವನು ಅಜ್ಜಿ ಉಗುರು ಕತ್ತರಿಸಿದೋನು, ಇವನು ಮೊದಲನೇ ದಿನ ವಾಂತಿ ಮಾಡ್ಕೊಂಡು ಎರಡನೇ ದಿನ ವಾಪಸ್ ಬಂದೋನು ಅಂತ. ಅದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತಿರುತ್ತೆ.”