ಬಲ ಭುಜದ ಮೇಲಿನ ಕೈ

ದೆವ್ವ ಕಂಡೆ ಎಂದವರನ್ನು ನಾನು ಸುಮ್ಮನೆ ಬಿಟ್ಟವನೇ ಅಲ್ಲ. ಬಹರೈನಿನ ಮೀನಾ ಸಲ್ಮಾನ್ ಬಂದರಿನ ನಮ್ಮ ಕ್ಯಾಂಪಿನಲ್ಲಿ ಯಾರಾದರೂ ಹಾಗೆ ಹೇಳಿದರೆ, ಅದು ಯಾವ ಬಣ್ಣದ ಅಂಗಿ ಹಾಕಿತ್ತು, ಅದಕ್ಕೆ ವೀಸಾ ಕೊಟ್ಟವರು ಯಾರು ಎಂದು ಕೇಳಿ ಕೇಳಿ ಅವರು ತಾವಾಗಿ ಎದ್ದುಹೋಗುವ ಹಾಗೆ ಮಾಡುತ್ತಿದ್ದೆ. ಊರಿನಲ್ಲಿ ದೈವಕ್ಕೆ ಕೈ ಮುಗಿಯುತ್ತೇನೆ, ಆ ಮಾತು ಬೇರೆ. ಸತ್ತವರು ಬಂದು ಬದುಕಿದವರ ಮೈ ಮುಟ್ಟುತ್ತಾರೆ ಎಂಬುದನ್ನು ಮಾತ್ರ ನಾನು ಒಪ್ಪಿದವನಲ್ಲ, ಇಂದಿಗೂ ಪೂರ್ತಿ ಒಪ್ಪಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಒಂದು ಹಗಲು ನಡೆದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ನಗುವುದಾದರೆ ನಗಿ. ನಾನೂ ಇಂಥದ್ದಕ್ಕೆಲ್ಲ ಬೇಕಷ್ಟು ನಕ್ಕವನೇ.

ಆಗ ನಾನು ಹಡಗಿನ ಟ್ಯಾಂಕುಗಳನ್ನು ತೊಳೆಯುವ ಒಂದು ಕಂಪನಿಯಲ್ಲಿ ಫೋರ್‌ಮನ್ ಆಗಿದ್ದೆ. ಎಣ್ಣೆ ತುಂಬಿದ್ದ ಟ್ಯಾಂಕಿನೊಳಗಿನ ಗಾಳಿ ವಿಷ. ಬರಿಮುಖದಲ್ಲಿ ಇಳಿದರೆ ಆಳು ಕೂಗುವುದಕ್ಕೂ ಪುರುಸೊತ್ತಿಲ್ಲದೆ ಬಿದ್ದುಬಿಡುತ್ತಾನೆ. ಆದ್ದರಿಂದ ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್, ಎರಡರ ನಡುವೆ ಒಂದು ರಬ್ಬರ್ ಪೈಪು, ಇಷ್ಟನ್ನು ಕಟ್ಟಿಕೊಂಡೇ ಇಳಿಯಬೇಕು. ಈ ಇಡೀ ಸರಂಜಾಮಿಗೆ ನಾವು ‘ಸೆಟ್’ ಎನ್ನುತ್ತಿದ್ದೆವು.

ಇಳಿಯುವಾಗ ನನ್ನ ಜೋಡಿ ರೋಡೆಲ್, ಫಿಲಿಪಿನೋ. ನನಗಿಂತ ಚಿಕ್ಕವನಾದ್ದರಿಂದ ನನ್ನನ್ನು ‘ಕುಯಾ’ ಎಂದು ಕರೆಯುತ್ತಿದ್ದ. ಅವರ ಭಾಷೆಯಲ್ಲಿ ಅದು ಅಣ್ಣ. ಇಲ್ಲಿಗೆ ಬರುವ ಮೊದಲು ಅವನು ತನ್ನ ದೇಶದ ಸೈನಿಕ. ಅಮೆರಿಕದವರು, ಆಸ್ಟ್ರೇಲಿಯದವರು ಅವರಲ್ಲಿಗೆ ಜಂಟಿ ತಾಲೀಮಿಗೆ ಬರುತ್ತಿದ್ದರಂತೆ. ಕಾಡಿನಲ್ಲಿ ಯಾವ ಬಳ್ಳಿ ಕಡಿದರೆ ಕುಡಿಯುವ ನೀರು ಸಿಗುತ್ತದೆ, ಬಿದಿರಿನ ಗಂಟಿನಲ್ಲಿ ಅನ್ನ ಬೇಯಿಸುವುದು ಹೇಗೆ, ಇದನ್ನೆಲ್ಲ ಇವರು ಅವರಿಗೆ ಕಲಿಸುವುದು. ಕತ್ತಲಲ್ಲಿ ಕಾಣುವ ಕನ್ನಡಕ, ಹೊಸ ರೇಡಿಯೋ, ಗುಂಡು ತಡೆಯುವ ಜಾಕೆಟ್ಟು ಬಳಸುವುದನ್ನು ಅವರು ಇವರಿಗೆ ಕಲಿಸುವುದು. ಇದನ್ನು ಹೇಳುವಾಗ ರೋಡೆಲ್‌ನ ಮುಖ ಮದುವೆ ಮನೆಯ ಊಟ ನೆನಪಿಸಿಕೊಂಡವನ ಹಾಗೆ ಅರಳುತ್ತಿತ್ತು.

ಆಮೇಲೆ ಸಪ್ಪಗಾಗುತ್ತಿತ್ತು. ಯಾಕೆಂದರೆ ತಾಲೀಮು ಮುಗಿದ ದಿನ ಅತಿಥಿಗಳ ಸಾಮಾನನ್ನೆಲ್ಲ ಉಪ್ಪುನೀರು ಹೋಗುವಂತೆ ತೊಳೆದು, ಒರೆಸಿ, ಪೆಟ್ಟಿಗೆಗೆ ತುಂಬಿ ಅವರ ಹಡಗಿಗೆ ಏರಿಸುವ ಕೆಲಸವೂ ಇವರದ್ದೇ. ಅದೇನೂ ಮೋಸವಲ್ಲ, ತಂದವರು ಒಯ್ಯುತ್ತಾರೆ. ಆದರೆ ಅದಾದ ಮೇಲೆ ಇವನ ತುಕಡಿ ದಕ್ಷಿಣದ ದ್ವೀಪಗಳಿಗೆ ನಿಜವಾದ ಗುಂಡಿನ ಎದುರಿಗೆ ಹೋದಾಗ ಕೈಯಲ್ಲಿದ್ದದ್ದು ಟೇಪು ಸುತ್ತಿದ ರೇಡಿಯೋ, ಕಾಲಲ್ಲಿದ್ದದ್ದು ಅಟ್ಟೆ ಬಿಟ್ಟ ಬೂಟು. “ಕುಯಾ, ತಾಲೀಮಿಗೆ ಹೊಸದು, ಗುಂಡಿಗೆ ಹಳೆಯದು,” ಎನ್ನುತ್ತಿದ್ದ ತನ್ನ ಹರುಕು ಹಿಂದಿಯಲ್ಲಿ. ತಾಲೀಮಿನಲ್ಲಿ ಅವನಿಗೆ ಜೋಡಿಯಾಗಿದ್ದ ಆಸ್ಟ್ರೇಲಿಯದ ಸೈನಿಕ ಹೊರಡುವಾಗ ಕೊಡಲು ಬೇರೇನೂ ತನ್ನದಲ್ಲದ್ದರಿಂದ ಪ್ಯಾರಾಶೂಟಿನ ಒಂದು ಮಾರು ಹಸಿರು ಹಗ್ಗ ಕೊಟ್ಟುಹೋದನಂತೆ. ಆ ಹಗ್ಗವನ್ನು ರೋಡೆಲ್ ಬಹರೈನಿಗೂ ತಂದಿದ್ದ. ತಾನು ಕಟ್ಟಿಕೊಳ್ಳುವ ಹಳೆಯ ಸೆಟ್ಟಿನ ಎಡಗಡೆಯ ಪಟ್ಟಿ ಬಕಲಿನಲ್ಲಿ ಜಾರುತ್ತದೆಂದು ಆ ಹಗ್ಗದ ತುಂಡೊಂದನ್ನು ಹಾಕಿ ಗಂಟು ಬಿಗಿದು, ತುದಿಯನ್ನು ಬೆಂಕಿಯಲ್ಲಿ ಕರಗಿಸಿ ಹೆಬ್ಬೆರಳಿನಿಂದ ಒತ್ತಿದ್ದ.

ಇನ್ನೊಂದನ್ನೂ ಅವನು ಅಲ್ಲಿಂದ ತಂದಿದ್ದ. ಹೆಲಿಕಾಪ್ಟರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಲ್ಲ, ಅದಕ್ಕೆ ತಾಲೀಮಿನಲ್ಲಿ ಅವನೂ ಅವನ ಜೋಡಿಯೂ ಎಲ್ಲವನ್ನೂ ಕೈಯಲ್ಲೇ ಮುಗಿಸುತ್ತಿದ್ದರಂತೆ. ಹಿಂದೆ ನಿಂತವನು ಮುಂದಿನವನ ಬೆನ್ನ ಹೊರೆಗೆ ಎರಡು ಸಲ ತಟ್ಟುವುದು, ಎಡಪಟ್ಟಿಯನ್ನು ಒಂದು ಸಲ ಎಳೆಯುವುದು, ಎಲ್ಲ ಸರಿಯಿದ್ದರೆ ಬಲ ಭುಜದ ಮೇಲೆ ಅಂಗೈ ಊರಿ ಒತ್ತುವುದು. ನೋಡಿದ್ದೇನೆ, ಹೋಗು ಎಂದು ಅರ್ಥ. ಭುಜಕ್ಕೆ ಕೈ ಬೀಳದೆ ಮುಂದಿನವನು ಹೆಜ್ಜೆ ಎತ್ತುವ ಹಾಗಿಲ್ಲ. ಮಾಸ್ಕ್ ಹಾಕಿದ ಮೇಲೆ ನಮಗೂ ಮಾತು ಕೇಳುವುದಿಲ್ಲ, ಅದಕ್ಕೆ ಇಲ್ಲೂ ಅದನ್ನೇ ಶುರು ಮಾಡಿದ. ಮೊದಲು ನಾನು ಅವನನ್ನು ಸರ್ಕಸ್ಸಿನವನು ಎಂದು ಗೇಲಿ ಮಾಡಿದೆ, ಕ್ರಮೇಣ ಅದಿಲ್ಲದೆ ನನಗೇ ಇಳಿಯಲಾಗುತ್ತಿರಲಿಲ್ಲ.

ನಾನು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಾಗ ರೋಡೆಲ್ ಒಂದು ಬಾರ್ಜಿನ, ಎಂದರೆ ಎಣ್ಣೆ ಸಾಗಿಸುವ ಚಪ್ಪಟೆ ಹಡಗಿನ, ಟ್ಯಾಂಕಿನಲ್ಲಿ ಸತ್ತ. ಬಾರ್ಜು ಸಂಜೆಗೆ ಹೊರಡಬೇಕಿತ್ತು, ಆತುರವಿತ್ತು, ಒಬ್ಬನನ್ನೇ ಇಳಿಸಿದರು. ನಾನು ವಾಪಸು ಬರುವಷ್ಟರಲ್ಲಿ ಶವದ ಪೆಟ್ಟಿಗೆ ಮನಿಲಾ ತಲುಪಿಯಾಗಿತ್ತು. ಹಾರ್ಟು ನಿಂತಿತು ಎಂದರು ನಮ್ಮ ಮ್ಯಾನೇಜರ್ ಸುದರ್ಶನ್, ಬೆಂಗಳೂರಿನ ಎಂಜಿನಿಯರ್. ಹಾರ್ಟು ಎಲ್ಲರದ್ದೂ ಕೊನೆಗೆ ನಿಲ್ಲುತ್ತದೆ, ಯಾಕೆ ನಿಂತಿತು ಎಂದು ಹೇಳುವವರಿಲ್ಲ. ಅವನು ಕಟ್ಟಿಕೊಂಡು ಇಳಿದಿದ್ದ ಆ ಹಳೆಯ ಸೆಟ್ಟನ್ನು ಒಡೆದು ಗುಜರಿಗೆ ಹಾಕಿಸಿದ್ದೇವೆ ಎಂದೂ ಹೇಳಿದರು. ಕೈಯಲ್ಲಿ ತಟ್ಟಿ ನೋಡುವ ಕ್ರಮ ನಾಟಕದ ಹಾಗೆ ಕಾಣುತ್ತದೆ, ಟೈಮ್ ವೇಸ್ಟ್ ಎಂದು ಅದನ್ನೂ ನಿಲ್ಲಿಸಿದರು.

ಇದಾಗಿ ಕೆಲವು ತಿಂಗಳಿಗೆ, ಧೂಳುಗಾಳಿ ಎದ್ದ ಒಂದು ದಿನ ನಾನು ಮತ್ತೊಂದು ಬಾರ್ಜಿನ ಮೇಲಿದ್ದೆ. ಮನಾಮಾ ನಗರದ ಎತ್ತರದ ಕಟ್ಟಡಗಳು ಒಂದೂ ಕಾಣುತ್ತಿರಲಿಲ್ಲ, ಸೂರ್ಯ ಹಳೆಯ ಬಲ್ಬಿನ ಹಾಗಿದ್ದ. ಉಳ್ಳಾಲದ ಕಡೆಯ ಹಮೀದ್ ನನ್ನೆದುರಿಗೆ, ಟ್ಯಾಂಕಿನ ಬಾಯಿಯ ಆಚೆ ಬದಿ ಕೂತು ನನ್ನ ಸೊಂಟದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ನನ್ನ ಬೆನ್ನ ಹಿಂದೆ ಬಾರ್ಜಿನ ಅಂಚು, ಅದರಾಚೆ ಸಮುದ್ರ. ಸೆಟ್ ಕಟ್ಟಿ, ಮಾಸ್ಕ್ ಬಿಗಿದು, ಏಣಿಗೆ ಕಾಲಿಡಬೇಕು ಎನ್ನುವಾಗ ಬೆನ್ನ ಸಿಲಿಂಡರಿಗೆ ಎರಡು ಪೆಟ್ಟು ಬಿತ್ತು.

ಹಮೀದನನ್ನು ನೋಡಿದೆ, ಅವನು ಕೂತಲ್ಲೇ ಇದ್ದ. ಅಷ್ಟರಲ್ಲಿ ಎಡಪಟ್ಟಿಯನ್ನು ಯಾರೋ ಎಳೆದರು. ಒಂದು ಸಲ ಎಳೆಯುವುದು ಕ್ರಮ, ಇದು ಮತ್ತೆ ಮತ್ತೆ ಎಳೆಯಿತು, ಹಟ ಹಿಡಿದ ಹಾಗೆ. ನಿಮಗೆ ಹೇಗೆ ಹೇಳುವುದು, ಆ ಹೊತ್ತಿಗೆ ನನಗೆ ಹೆದರಿಕೆಯೇ ಆಗಲಿಲ್ಲ. ಅಭ್ಯಾಸ ಎಂಥದ್ದು ನೋಡಿ, ಭುಜಕ್ಕೆ ಕೈ ಬೀಳಲಿ ಎಂದು ನಾನು ಸುಮ್ಮನೆ ನಿಂತೇ ಇದ್ದೆ. ಬೀಳಲಿಲ್ಲ. ತಿರುಗಿದೆ. ಧೂಳು ಬಿಟ್ಟರೆ ಏನೂ ಇರಲಿಲ್ಲ.

ಮಾಸ್ಕ್ ಕಿತ್ತು ಹಮೀದನನ್ನು ಕೇಳಿದೆ, ನೀನೇನಾದರೂ ಮುಟ್ಟಿದೆಯಾ ಎಂದು.

“ಎಂತ ಅಣ್ಣ, ನಾನು ಹಗ್ಗ ಬಿಟ್ಟು ಎದ್ದದ್ದೇ ಇಲ್ಲ. ನೀವ್ಯಾಕೆ ಹಾಗೆ ನಿಂತದ್ದು ಅಂತ ನೋಡ್ತಾ ಇದ್ದೆ.”

ಸೆಟ್ ಇಳಿಸಿ ಎಡಪಟ್ಟಿಯನ್ನು ಮಗುಚಿ ನೋಡಿದೆ. ಹೊಸ ಕಪ್ಪು ಬಣ್ಣ ಬಳಿದಿತ್ತು. ಬಕಲಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಉಗುರಿನಿಂದ ಬಣ್ಣ ಕೆರೆದೆ. ಹಸಿರು ಹಗ್ಗದ ಗಂಟು, ಕರಗಿದ ತುದಿ, ಅದರ ಮೇಲೆ ಹೆಬ್ಬೆರಳಿನ ಗುರುತು. ರೋಡೆಲ್ ಯಾವುದನ್ನು ಕಟ್ಟಿಕೊಂಡು ಸತ್ತನೋ ಅದನ್ನೇ ನಾನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದೆ.

ಕೆಲಸ ಯಾಕೆ ನಿಂತಿತು ಎಂದು ನೋಡಲು ಸುದರ್ಶನ್ ಬಾರ್ಜಿಗೆ ಬಂದರು. ಗಂಟು ತೋರಿಸಿ ಕೇಳಿದೆ. “ಸಾರ್, ಇದನ್ನು ಒಡೆದು ಹಾಕಿದ್ದೇವೆ ಅಂತ ಹೇಳಿದ್ದಲ್ಲ ನೀವು?”

“ಸರ್ವೀಸ್ ಮಾಡ್ಸಿದೀವಿ ಕಣ್ರೀ. ಗೇಜ್ ನೋಡಿ, ಫುಲ್ ಇದೆ. ಇನ್ನೇನ್ ಪ್ರಾಬ್ಲಂ ನಿಮ್ದು?”

“ಮೊನ್ನೆ ಸೇಫ್ಟಿ ಆಡಿಟ್‌ನವರು ಬಂದಾಗ ತೋರಿಸಿದ ಹೊಸ ಸೆಟ್ ಉಂಟಲ್ಲ, ಅದು ಕೊಡಿ. ಇಳೀತೇನೆ.”

“ಅದನ್ನ ಟ್ಯಾಂಕಿಗೆ ಇಳ್ಸಿಬಿಟ್ರೆ ಮುಂದಿನ್ ಸಲ ಏನ್ ತೋರ್ಸೋದು? ನಿಮ್ಗೆ ಆಗಲ್ಲ ಅಂದ್ರೆ ಬಿಡಿ, ಹಮೀದ್ ಇಳೀತಾನೆ. ಯಲ್ಲಾ ಹಮೀದ್, ಬೇಗ ಹಾಕ್ಕೋ.”

ತಾಲೀಮಿಗೆ ಹೊಸದು, ಗುಂಡಿಗೆ ಹಳೆಯದು. ರೋಡೆಲ್ ತನ್ನ ದೇಶ ಬಿಟ್ಟು, ಸೈನ್ಯ ಬಿಟ್ಟು, ಸಮುದ್ರ ದಾಟಿ ಬಂದರೂ ಅದೇ ಮಾತು ಅವನಿಗಿಂತ ಮೊದಲೇ ಇಲ್ಲಿ ಬಂದು ಕೂತಿತ್ತು. ಹಮೀದ್ ನನ್ನ ಮುಖವನ್ನೂ ಅವರ ಮುಖವನ್ನೂ ನೋಡಿದ. ಮೂರು ಮಕ್ಕಳ ತಂದೆ ಅವನು, ಆಗುವುದಿಲ್ಲ ಎನ್ನುವ ಧೈರ್ಯ ಅವನಿಗೆ ಇರಲಿಲ್ಲ. ಅವನು ಎದ್ದು ಬಂದು ಸೆಟ್ಟಿಗೆ ಕೈ ಹಾಕಿದ.

ನಾನು ಸೊಂಟದ ಚಾಕು ತೆಗೆದು ಅದರ ರಬ್ಬರ್ ಪೈಪನ್ನು ಕತ್ತರಿಸಿದೆ. ಒಂದೇ ಎಳೆತಕ್ಕೆ ಆಗಲಿಲ್ಲ, ಮಂಡಿಯೂರಿ ಒತ್ತಿ ಒತ್ತಿ ಕೊಯ್ದೆ. ಸಿಲಿಂಡರಿನ ಗಾಳಿಯೆಲ್ಲ ಬುಸ್ಸೆಂದು ಹೊರಗೆ ಹೋಯಿತು. ಸುದರ್ಶನ್ ಇಂಗ್ಲಿಷಿನಲ್ಲಿ ಏನೇನೋ ಕೂಗುತ್ತಿದ್ದರು. ಎದ್ದು ನಿಂತೆ.

ಆಗ ನನ್ನ ಬಲ ಭುಜದ ಮೇಲೆ ಅಂಗೈಯೊಂದು ಊರಿ ಒತ್ತಿತು.

ಸುದರ್ಶನ್ ನನ್ನೆದುರಿಗಿದ್ದರು. ಹಮೀದನೂ ಎದುರಿಗೇ ಇದ್ದ. ಹಿಂದೆ ಸಮುದ್ರ ಬಿಟ್ಟರೆ ಬೇರೆ ಏನೂ ಇಲ್ಲ. ಈ ಸಲ ನಾನು ತಿರುಗಿ ನೋಡಲಿಲ್ಲ. ಹೋಗು ಎಂದರೆ ಹೋಗುವುದು. ಬಾರ್ಜು ಇಳಿದು ಗೇಟಿನವರೆಗೆ ನಡೆದುಕೊಂಡೇ ಹೋದೆ.

ಕೆಲಸ ಖಲಾಸ್ ಆಯಿತು, ಅದು ಗೊತ್ತಿದ್ದದ್ದೇ. ಈಗ ಬಹರೈನಿನಲ್ಲೇ ಬುದಯ್ಯ ಎಂಬ ಊರಿನ ತೋಟಗಳಲ್ಲಿ ನೀರಿನ ಪಂಪು ರಿಪೇರಿ ಮಾಡಿಕೊಂಡಿದ್ದೇನೆ. ಹಮೀದ್ ಇನ್ನೂ ಅಲ್ಲೇ ಇದ್ದಾನೆ. ಸಿಕ್ಕಾಗಲೆಲ್ಲ ಕೇಳುತ್ತೇನೆ, ಹೊಸ ಸೆಟ್ಟುಗಳು ಇನ್ನೂ ಬೀರುವಿನಲ್ಲೇ ಹೊಳೆಯುತ್ತಿವೆಯಂತೆ. ನಾನು ಕೊಯ್ದ ಪೈಪಿಗೆ ಬೇರೆ ಪೈಪು ಹಾಕಿದರೋ ಇಲ್ಲವೋ ಎಂದು ಕೇಳಿದರೆ ಮಾತ್ರ ಅವನು ಮಾತು ತಿರುಗಿಸುತ್ತಾನೆ.

ತಿಳಿದವರು ನನಗೆ ಸಮಾಧಾನ ಹೇಳಿದ್ದಾರೆ. ಧೂಳುಗಾಳಿಗೆ ಏನಾದರೂ ಹಾರಿ ಬಂದು ಬಡಿದಿರಬಹುದು. ಒಳಗಿನ ಗಂಟು ಬಟ್ಟೆಗೆ ಸಿಕ್ಕಿ ಪಟ್ಟಿ ಜಗ್ಗಿರಬಹುದು. ಬಿಸಿಲು, ಆಯಾಸ, ಸ್ನೇಹಿತನ ಸಾವು, ಎಲ್ಲ ಸೇರಿರಬಹುದು. ಇರಬಹುದು, ನಾನೂ ಬೇರೆಯವರಿಗೆ ಇದನ್ನೇ ಹೇಳುತ್ತಿದ್ದವನು. ಆದರೆ ಪಟ್ಟಿ ಎಳೆದ ಗಾಳಿ ಭುಜಕ್ಕೆ ಕೈ ಹಾಕಲು ಆ ಪೈಪು ತುಂಡಾಗುವವರೆಗೆ ಯಾಕೆ ಕಾಯಿತು ಎಂದು ಕೇಳಿದರೆ ಅವರು ಮತ್ತೆ ಬಿಸಿಲಿನ ಮಾತಿನಿಂದಲೇ ಶುರು ಮಾಡುತ್ತಾರೆ.

ಅದು ಯಾರ ಕೈ ಎಂದು ಆಣೆ ಮಾಡಿ ಹೇಳಲಾರೆ. ರೋಡೆಲ್‌ನದೇ ಆಗಿದ್ದರೆ, ನನಗೆ ನುಂಗಲಾಗದ್ದು ಒಂದೇ. ಅವನು ಕೊನೆಯ ಸಲ ಇಳಿದ ದಿನ, ಅವನ ಹಿಂದೆ ಯಾರೂ ನಿಂತಿರಲಿಲ್ಲ.