ಎಲೆಗೆ ಅಡ್ಡ ಹಿಡಿದ ಮೊರ

ನಾನು ಚಿಕ್ಕವನಿದ್ದಾಗ ನಡೆದದ್ದು ಎಂದು ಹೇಳಲು ಹೊರಟರೆ, ಮಕ್ಕಳೇ, ಮೊದಲು ನನ್ನ ಮೇಲೆಯೇ ನನಗೆ ಅನುಮಾನ. ಸ್ವಾತಂತ್ರ್ಯ ಬಂದು ಕೆಲವು ವರ್ಷ ಕಳೆದಿದ್ದವು, ಅದು ಖಚಿತ. ಮಳೆಗಾಲವೋ ಅದರ ಕೊನೆಯೋ, ಹೇಳಲಾರೆ. ಕೊಣ್ಣೂರಿನ ನಮ್ಮ ಮನೆಯ ಅಂಗಳದ ಅಂಚಿಗೆ ಅಕ್ಕ ಸೂರ್ಯಕಾಂತಿ ಬೆಳೆಸಿದ್ದಳು. ಆಗ ನಮ್ಮ ಕಡೆ ಹೊಲದಲ್ಲಿ ಅದನ್ನು ಯಾರೂ ಬಿತ್ತುತ್ತಿರಲಿಲ್ಲ. ಧುಪದಾಳದ ಅತ್ತೆ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಬೀಜ. ಗಿಡಗಳು ನನಗಿಂತ ಎತ್ತರ. ಎಲೆ ಮುಟ್ಟಿದರೆ ಬೆಕ್ಕಿನ ನಾಲಿಗೆಯಂತೆ ಒರಟು. ಮೊಗ್ಗು ಇನ್ನೂ ಬಿಗಿದ ಹಸಿರು ಮುಷ್ಟಿಯಂತಿತ್ತು.

ಒಂದು ಬೆಳಿಗ್ಗೆ ಕೆಳಗಿನ ಎಲೆಗಳ ಮೇಲೆ ಕಪ್ಪು ಚುಕ್ಕೆಗಳು ಕಂಡವು. ನಮ್ಮಲ್ಲಿ ದಿನಾ ನಸುಕಿಗೆ ಅಂಗಳಕ್ಕೆ ಸಗಣಿ ನೀರು ಎರಚುತ್ತಿದ್ದರು. ಅದಕ್ಕೆ ಥಳಿ ಹೊಡೆಯುವುದು ಎನ್ನುತ್ತಿದ್ದೆವು. ಆ ಕೆಲಸ ಅಕ್ಕನದು. ಹಾಗಾಗಿ ಅಜ್ಜಿ ಕಾರಣ ಹುಡುಕಬೇಕಾಗಲಿಲ್ಲ.

"ಅಂಗಳಕ್ಕ ಥಳಿ ಹೊಡಿ ಅಂದ್ರ ಗಿಡಕ್ಕ ಜಳಕಾ ಮಾಡಸ್ತಿ ಏನ? ಸಗಣಿ ಸಿಡದೈತಿ ನೋಡ."

ಅಕ್ಕ ಒದ್ದೆ ಬಟ್ಟೆಯಿಂದ ಒರೆಸಿದಳು. ಚುಕ್ಕೆ ಹೋಗಲಿಲ್ಲ. ಹೊಲಕ್ಕೆ ಹೊರಟಿದ್ದ ಅಪ್ಪ ಬಗ್ಗಿ ನೋಡಿದ. "ಸಗಣಿ ಅಲ್ಲವ್ವಾ ಇದು, ರೋಗ," ಎಂದು ಅಜ್ಜಿಗೆ ಹೇಳಿ ಅಕ್ಕನತ್ತ ತಿರುಗಿದ. " ಬಾಜೂಕಿನ ಬದನಿಗೂ ಹತ್ತತೈತಿ. ಸಂಜಿಕ ನಾ ಬರೂದ್ರಾಗ ಎಲ್ಲಾ ಕಿತ್ತ ಒಗಿ."

ಅಕ್ಕ ಅಳಲಿಲ್ಲ. ಮಧ್ಯಾಹ್ನದವರೆಗೂ ಗಿಡಗಳ ಬುಡದಲ್ಲಿ ಕೂತು ಒಂದೊಂದು ಎಲೆಯನ್ನೂ ಮಗುಚಿ ನೋಡಿದಳು. ಆಮೇಲೆ ನನ್ನನ್ನು ಕರೆದಳು. "ನೋಡೋ, ಮ್ಯಾಲಿನ ಎಲಿ ಛಲೋ ಅದಾವು. ಗ್ವಾಡಿ ಬಾಜೂಕಿನವಕ್ಕೂ ಏನೂ ಆಗಿಲ್ಲ. ಥಳಿ ಸಿಡಿಯೂ ಕಡೆ ಅಷ್ಟ ಚುಕ್ಕಿ ಐತಿ." ಚುಕ್ಕೆ ಸಗಣಿಯದಲ್ಲ, ಆದರೆ ನೀರು ಸಿಡಿದ ಎಲೆಗೇ ಅದು ಬರುತ್ತಿತ್ತು. ಚುಕ್ಕೆ ಬಿದ್ದ ಎಲೆಗಳನ್ನೆಲ್ಲ ಚಿವುಟಿ ಬಚ್ಚಲ ಒಲೆಗೆ ಹಾಕಿದಳು. ಹಸಿ ಎಲೆಯ ಹೊಗೆಗೆ ಅಜ್ಜಿ ಕೆಮ್ಮುತ್ತ ಬೈದದ್ದು ನೆನಪಿದೆ.

ಸಂಜೆ ಅಪ್ಪ ಬಂದಾಗ ಗಿಡಗಳು ಬೋಳು ಕಾಲಿನಲ್ಲಿ ನಿಂತೇ ಇದ್ದವು.

"ಕಿತ್ತ ಒಗಿ ಅಂದ್ರ, ಪುಚ್ಚ ಕಿತ್ತ ಕೋಳಿ ಮಾಡಿ ನಿಲ್ಲಿಸಿಯಲ್ಲ?"

"ಹೊಸಾ ಚುಕ್ಕಿ ಬಂದ್ರ ನಾನ ಕೀಳ್ತೇನಿ ಅಪ್ಪಾ. ನಾಳಿಂದ ಗಿಡಕ್ಕ ಥಳಿ ಸಿಡಿಯಾಂಗಿಲ್ಲ."

"ಹೆಂಗ?"

ಅಕ್ಕ ಗೋಡೆಗೆ ತೂಗುಹಾಕಿದ್ದ ಮೊರ ತಂದಳು. ಒಂದು ಕೈಯಲ್ಲಿ ಅದನ್ನು ಎಲೆಗಳಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಅಂಗಳಕ್ಕೆ ನೀರು ಎರಚಿ ತೋರಿಸಿದಳು. ಹನಿಗಳು ಮೊರದ ಮೇಲೆ ಟಪಟಪ ಬಿದ್ದವು. ಅಪ್ಪ ಒಮ್ಮೆ ಬದನೆ ಗಿಡಗಳನ್ನು ನೋಡಿದ, ಒಮ್ಮೆ ಅಕ್ಕನನ್ನು. "ಆತು. ಹೂ ಬಿಡೂ ತನಕ ಇರ್ಲಿ," ಎಂದ.

ಹೂ ಬಿಟ್ಟವು. ಊಟದ ತಾಟಿನಷ್ಟು ದೊಡ್ಡವು ಎನ್ನುತ್ತೇನೆ. ಆ ವಯಸ್ಸಿನ ಕಣ್ಣಿಗೆ ಬಟ್ಟಲೂ ತಾಟೇ.

ಮುಂದೆ ವಿಶ್ವವಿದ್ಯಾಲಯದಲ್ಲಿ ಕೃಷಿ ಓದುವಾಗ, ಸಿಡಿವ ನೀರಿನಿಂದ ಎಲೆಚುಕ್ಕೆ ಹರಡುತ್ತದೆ ಎಂದು ತಿಳಿಯಿತು. ಆ ತಿಳಿವನ್ನೇ ಹಿಂದಕ್ಕೆ ಒಯ್ದು ಅಕ್ಕನ ಬಾಯಲ್ಲಿ ಇಟ್ಟೆನೇ? ಇರಬಹುದು. ಆದರೆ ಆ ಮೊರ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಅಕ್ಕನದೇ.

ಮೊನ್ನೆ ನಿಮ್ಮ ಬಾಲ್ಕನಿಯ ಕುಂಡದಲ್ಲಿ ಸೂರ್ಯಕಾಂತಿಗೆ ಚುಕ್ಕೆ ಬಂದಾಗ ನೀವು ಮೊಬೈಲಿನಲ್ಲಿ ಫೋಟೋ ತೆಗೆದಿರಿ. ಕಣ್ಣು ಮಿಟುಕಿಸುವುದರೊಳಗೆ ರೋಗದ ಹೆಸರು ಬಂತು. ಅಕ್ಕನಿಗೆ ಆ ಹೆಸರು ಕೊನೆಯವರೆಗೂ ಗೊತ್ತಾಗಲಿಲ್ಲ. ನಿಮ್ಮ ಮನೆಯಲ್ಲಿ ಮೊರ ಇಲ್ಲ, ನನಗೆ ಗೊತ್ತು. ಹಳೆಯ ರಟ್ಟು ಇದ್ದರೆ ತನ್ನಿ. ನಾನು ಎಲೆಗೆ ಅಡ್ಡ ಹಿಡಿಯುತ್ತೇನೆ, ನೀವು ಬುಡಕ್ಕೆ ನೀರು ಹಾಕಿ.